ವಿಟಮಿನ್ ಡಿ ಕಡಿಮೆ ಮಾಡುವ ಜೀನ್ ಇದ್ದರೆ ಸ್ತನ ಕ್ಯಾನ್ಸರ್ ಅಪಾಯ ಹೆಚ್ಚಾಗುತ್ತಾ? ರಿಪೋರ್ಟ್ ಓದೋದು ಹೇಗೆ?

ಬೆಳಗಿನ_ಬಿಸಿಲು

ಜೀನ್ ಟೆಸ್ಟ್ ರಿಪೋರ್ಟ್‌ಗಳಲ್ಲಿ ಈಗ ಒಂದು ಪುಟ ಮಾಮೂಲಿ: "ವಿಟಮಿನ್ ಡಿ ಕೊರತೆಯ ಪ್ರವೃತ್ತಿ ಹೆಚ್ಚು". ಕೆಳಗೆ ಜಿಸಿ, ಸಿವೈಪಿ2ಆರ್1, ವಿಡಿಆರ್ ಅಂತ ನಾಲ್ಕಾರು ಹೆಸರು, ಪಕ್ಕದಲ್ಲಿ ಕೆಂಪು ಚುಕ್ಕೆ. ಪುಟದ ಕೊನೆಗೆ, ಡಿ ಕಡಿಮೆಯಿದ್ದರೆ ಸ್ತನ ಕ್ಯಾನ್ಸರ್ ಸೇರಿದಂತೆ ಇಂತಿಂಥ ಕಾಯಿಲೆಗಳ ಅಪಾಯ ಅಂತ ಒಂದು ಸಾಲು. ಎರಡನ್ನೂ ಕೂಡಿಸಿ ಓದಿದ ಹೆಣ್ಣುಮಕ್ಕಳು ಹೆದರೋದು ಸಹಜ. ಈ ಎರಡು ಮಾತಿನ ನಡುವೆ ನಿಜವಾಗಿ ಸಂಬಂಧ ಇದೆಯಾ? ಅಂಕಿ ಸಮೇತ ಹೇಳಿ. "ದಿನಾ ಬಿಸಿಲಲ್ಲಿ ನಿಲ್ಲಿ" ಅನ್ನೋ ಉತ್ತರ ದಯವಿಟ್ಟು ಬೇಡ.

ಲ್ಯಾಬ್_ಬೆಂಚು

ಮೊದಲು ಆ ಹೆಸರುಗಳು ಏನು ಮಾಡ್ತವೆ ನೋಡಿಬಿಡೋಣ, ಇಲ್ಲದಿದ್ದರೆ ಮುಂದಿನದು ಗೋಜಲಾಗುತ್ತೆ.

ಚರ್ಮದಲ್ಲಿ 7-ಡಿಹೈಡ್ರೋಕೊಲೆಸ್ಟ್ರಾಲ್ ಅನ್ನೋ ವಸ್ತು ಇರುತ್ತೆ. ಅದರ ಮೇಲೆ ಬಿಸಿಲಿನ ಯುವಿಬಿ ಕಿರಣ ಬಿದ್ದರೆ ಡಿ3 ಆಗುತ್ತೆ. ಡಿಎಚ್‌ಸಿಆರ್7 ಜೀನ್ ಅದೇ ಕಚ್ಚಾವಸ್ತುವನ್ನು ಕೊಲೆಸ್ಟ್ರಾಲ್ ಕಡೆಗೆ ತಿರುಗಿಸುತ್ತೆ. ಅಂದರೆ ಅದು ಚುರುಕಾದಷ್ಟೂ ಡಿಗೆ ಉಳಿಯೋದು ಕಡಿಮೆ. ಡಿ3 ಲಿವರ್‌ಗೆ ಹೋದ ಮೇಲೆ ಸಿವೈಪಿ2ಆರ್1 ಕಿಣ್ವ ಅದನ್ನು 25-ಹೈಡ್ರಾಕ್ಸಿ ಡಿ ಮಾಡುತ್ತೆ. ಲ್ಯಾಬ್‌ನಲ್ಲಿ ಅಳೆಯೋದು ಇದನ್ನೇ. ರಕ್ತದಲ್ಲಿ ಅದನ್ನು ಹೊತ್ತು ತಿರುಗೋ ಪ್ರೋಟೀನಿನ ಜೀನ್ ಜಿಸಿ. ಒಟ್ಟು ಡಿಯಲ್ಲಿ ಶೇ. 85ಕ್ಕೂ ಹೆಚ್ಚು ಇದರ ಬೆನ್ನ ಮೇಲೇ ಇರುತ್ತೆ, ಉಳಿದದ್ದರಲ್ಲಿ ಬಹುಪಾಲು ಆಲ್ಬುಮಿನ್‌ಗೆ ಅಂಟಿಕೊಂಡಿರುತ್ತೆ, ಬಿಡಿಯಾಗಿ ಇರೋದು ಶೇ. 1ಕ್ಕೂ ಕಡಿಮೆ. ಕಿಡ್ನಿಯಲ್ಲಿ ಸಿವೈಪಿ27ಬಿ1 ಅದನ್ನು ಕ್ರಿಯಾಶೀಲ ಹಾರ್ಮೋನ್ ಮಾಡುತ್ತೆ. ಸಿವೈಪಿ24ಎ1 ಹೆಚ್ಚಾದದ್ದನ್ನು ಒಡೆದು ಹೊರಗೆ ಹಾಕುತ್ತೆ.

2010ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಸನ್‌ಲೈಟ್ ಒಕ್ಕೂಟದ ಅಧ್ಯಯನ ಯೂರೋಪ್ ಮೂಲದ ಸುಮಾರು 34 ಸಾವಿರ ಜನರ ಜೀನೋಮ್ (ಇಡೀ ಡಿಎನ್‌ಎ) ನೋಡಿ ಡಿ ಮಟ್ಟ ಬದಲಿಸುವ ಮುಖ್ಯ ತಾಣಗಳನ್ನು ಗುರುತಿಸಿತು: ಜಿಸಿ, ಡಿಎಚ್‌ಸಿಆರ್7, ಸಿವೈಪಿ2ಆರ್1, ಜೊತೆಗೆ ಸಿವೈಪಿ24ಎ1. ಮೊದಲ ಮೂರರ ಸ್ಕೋರ್‌ನಲ್ಲಿ ಅತಿ ಕೆಟ್ಟ ಕಾಲುಭಾಗದವರಿಗೂ ಅತಿ ಒಳ್ಳೆಯ ಕಾಲುಭಾಗದವರಿಗೂ ಹೋಲಿಸಿದರೆ, ಡಿ 75 ನ್ಯಾನೋಮೋಲ್‌ಗಿಂತ ಕೆಳಗಿರೋ ಆಡ್ಸ್ (ಇರುವ ಮತ್ತು ಇಲ್ಲದಿರುವ ಸಾಧ್ಯತೆಗಳ ಅನುಪಾತ) 2.47 ಪಟ್ಟು. ಆದ್ದರಿಂದ ರಿಪೋರ್ಟ್‌ನ ಮೊದಲ ಸಾಲು ಸುಳ್ಳಲ್ಲ. ಪ್ರಶ್ನೆ ಇರೋದು ಎರಡನೇ ಸಾಲಿನ ಬಗ್ಗೆ.

ಒಂದು ಮಾತು: ವಿದೇಶಿ ಲೇಖನಗಳೆಲ್ಲ ಲೀಟರಿಗೆ ನ್ಯಾನೋಮೋಲ್, ನಮ್ಮ ಲ್ಯಾಬ್‌ಗಳು ಮಿಲಿಲೀಟರಿಗೆ ನ್ಯಾನೋಗ್ರಾಂ. ನ್ಯಾನೋಮೋಲನ್ನು 2.5ರಿಂದ ಭಾಗಿಸಿ. 50 ಅಂದರೆ ನಮ್ಮ 20, 75 ಅಂದರೆ ನಮ್ಮ 30. ಈ ಗೊಂದಲದಲ್ಲೇ ಅರ್ಧ ಗಾಬರಿ ಹುಟ್ಟೋದು.

ಅಂಕಿಗಣಪ

ಚುಟುಕಾಗಿ: ಈ ಜೀನ್‌ಗಳಿಂದ ಡಿ ಕಡಿಮೆಯಾದವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚು ಕಂಡುಬಂದಿಲ್ಲ. ನೋಡಿದ್ದು ಸಣ್ಣ ಗುಂಪನ್ನೂ ಅಲ್ಲ.

ವಿಧಾನದ ಹೆಸರು ಮೆಂಡೇಲಿಯನ್ ರ್‍ಯಾಂಡಮೈಸೇಶನ್. ಅಪ್ಪನಿಂದಲೋ ಅಮ್ಮನಿಂದಲೋ ಯಾವ ಪ್ರತಿ ಬರುತ್ತೆ ಅನ್ನೋದು ಗರ್ಭ ಕಟ್ಟುವಾಗಲೇ ಚೀಟಿ ಎತ್ತಿದ ಹಾಗೆ ತೀರ್ಮಾನ ಆಗಿರುತ್ತೆ. ಆಮೇಲಿನ ತೂಕ, ವ್ಯಾಯಾಮ, ದುಡ್ಡು, ಊಟ ಇವು ಯಾವುವೂ ಆ ಚೀಟಿಯನ್ನು ಬದಲಿಸಲ್ಲ. ಹಾಗಾಗಿ "ಡಿ ಇಳಿಸುವ ಚೀಟಿ" ಬಂದವರನ್ನೂ "ಏರಿಸುವ ಚೀಟಿ" ಬಂದವರನ್ನೂ ಹೋಲಿಸಿದರೆ ಡಿಯ ಪರಿಣಾಮ ಮಾತ್ರ ಕಾಣಬೇಕು.

ಬಿಎಂಜೆ ವೈದ್ಯಕೀಯ ಪತ್ರಿಕೆ, 2017: ಏಳು ಕ್ಯಾನ್ಸರ್‌ಗಳು, ನಾಲ್ಕು ಸ್ನಿಪ್ (ಡಿಎನ್‌ಎಯಲ್ಲಿ ಒಂದೇ ಅಕ್ಷರದ ವ್ಯತ್ಯಾಸ). ಸ್ತನ ಕ್ಯಾನ್ಸರ್‌ಗೆ ಪ್ರತಿ 25 ನ್ಯಾನೋಮೋಲ್ ಏರಿಕೆಗೆ ಆಡ್ಸ್ ಅನುಪಾತ 1.05 (1 ಅಂದರೆ ವ್ಯತ್ಯಾಸ ಇಲ್ಲ), ವಿಶ್ವಾಸಾಂತರ, ಅಂದರೆ ನಿಜವಾದ ಅಂಕಿ ಇರಬಹುದಾದ ವ್ಯಾಪ್ತಿ, 0.89ರಿಂದ 1.24. ಅಂತರ ಅಗಲವಾಗಿತ್ತು, ಅದಕ್ಕೆ ಅದೊಂದರಿಂದ ತೀರ್ಪು ಕೊಡೋಕೆ ಆಗ್ತಿರಲಿಲ್ಲ. ಎರಡು ವರ್ಷದ ನಂತರ ಸ್ತನ ಕ್ಯಾನ್ಸರ್ ಒಕ್ಕೂಟದ ದೊಡ್ಡ ದತ್ತಾಂಶದ ಮೇಲೆ ಆರು ಸ್ನಿಪ್ ಇಟ್ಟು ಮತ್ತೆ ಮಾಡಿದರು. ರೋಗ ಇದ್ದವರು 1,22,977, ಇಲ್ಲದವರು 1,05,974. ಫಲಿತಾಂಶ 1.02, ಅಂತರ 0.97ರಿಂದ 1.08. ಅಂದರೆ ಡಿ 10 ನ್ಯಾನೋಗ್ರಾಂ (ಅದೇ 25 ನ್ಯಾನೋಮೋಲ್) ಏರಿದರೆ ಅಪಾಯ ಹೆಚ್ಚೆಂದರೆ ಶೇ. 3ರಷ್ಟು ಇಳಿಯಬಹುದೇನೋ. ಅದಕ್ಕಿಂತ ದೊಡ್ಡ ರಕ್ಷಣೆಗೆ ಈ ಅಂಕಿಯಲ್ಲಿ ಜಾಗವೇ ಇಲ್ಲ.

ಎಳ್ಳು_ಜೀರಿಗೆ

ಹಾಗಾದರೆ ಸ್ತನ ಕ್ಯಾನ್ಸರ್ ಇರೋವರಲ್ಲಿ ಡಿ ಕಡಿಮೆ ಅಂತ ಅಷ್ಟೊಂದು ಅಧ್ಯಯನ ಬಂದಿದೆಯಲ್ಲ, ಅವೆಲ್ಲ ಸುಳ್ಳೇ?

ಆಂಕೊ_ಓದುಗ

ಅಳತೆ ಸುಳ್ಳಲ್ಲ, ಕಾರಣ ಅಂತ ಹೇಳೋದು ತಪ್ಪು. ರೋಗ ಗೊತ್ತಾದ ಮೇಲೆ ರಕ್ತ ತೆಗೆದಿದ್ದರೆ ಆ ಅಧ್ಯಯನವನ್ನು ಬದಿಗಿಡಿ. ಕೀಮೋ, ಹಸಿವಿಲ್ಲದಿರುವಿಕೆ, ತಿಂಗಳುಗಟ್ಟಲೆ ಮನೆಯೊಳಗೆ ಇರೋದು, ಎಲ್ಲವೂ ಡಿಯನ್ನು ಇಳಿಸುತ್ತವೆ. ದೇಹದಲ್ಲಿ ಉರಿಯೂತ ಇದ್ದರೂ ರೀಡಿಂಗ್ ಬೀಳುತ್ತೆ. ಇಲ್ಲಿ ಕಾಯಿಲೆ ಮುಂದೆ, ಡಿ ಹಿಂದೆ.

ಎರಡನೆಯದು ತೂಕ. ವಿಟಮಿನ್ ಡಿ ಕೊಬ್ಬಿನಲ್ಲಿ ಕರಗುವಂಥದ್ದು, ದಪ್ಪ ಇರುವವರ ರಕ್ತದಲ್ಲಿ ಅದು ಕಡಿಮೆ ಕಾಣುತ್ತೆ. ಡಾ. ವಿಮಲೇಶ್ವರನ್ ಮತ್ತು ಸಂಗಡಿಗರು 2013ರಲ್ಲಿ ಪ್ಲಾಸ್ ಮೆಡಿಸಿನ್‌ನಲ್ಲಿ ಇದನ್ನು ಜೀನ್ ಮೂಲಕವೇ ಎರಡೂ ದಿಕ್ಕಿನಿಂದ ಪರೀಕ್ಷಿಸಿದರು. ಬಿಎಂಐ ಏರಿದರೆ ಡಿ ಇಳಿಯುತ್ತೆ, ಒಂದು ಘಟಕಕ್ಕೆ ಶೇ. 1.15ರಷ್ಟು. ಡಿ ಇಳಿದರೆ ಬಿಎಂಐ ಏರುತ್ತೆ ಅನ್ನೋದಕ್ಕೆ ಪುರಾವೆ ಸಿಗಲಿಲ್ಲ. ಇನ್ನೊಂದು ಕಡೆ, ಮುಟ್ಟು ನಿಂತ ಮೇಲೆ ಬೊಜ್ಜು ಸ್ತನ ಕ್ಯಾನ್ಸರ್‌ನ ಅಪಾಯವನ್ನು ಏರಿಸುತ್ತೆ ಅಂತ ಚೆನ್ನಾಗಿ ಗೊತ್ತಿದೆ, ಯಾಕಂದರೆ ಆ ವಯಸ್ಸಲ್ಲಿ ಈಸ್ಟ್ರೋಜೆನ್ ತಯಾರಾಗೋದು ಹೆಚ್ಚಾಗಿ ಕೊಬ್ಬಿನಲ್ಲೇ. ಬೊಜ್ಜು ಎರಡನ್ನೂ ಎಳೆದಾಗ ಡಿ ಮತ್ತು ಕ್ಯಾನ್ಸರ್ ಕೈಕೈ ಹಿಡಿದು ನಡೆದಂತೆ ಕಾಣುತ್ತೆ. ಹೊರಗೆ ಓಡಾಡುವ, ನಡೆಯುವ ಅಭ್ಯಾಸದ್ದೂ ಇದೇ ಕಥೆ.

ಪ್ರಯೋಗಶಾಲೆಯ ವಾದಕ್ಕೂ ಒಂದು ಮಾತು. ಸ್ತನ ಕ್ಯಾನ್ಸರ್ ಕೋಶಗಳ ಮೇಲೆ ಕ್ರಿಯಾಶೀಲ ಡಿ ಹಾಕಿದರೆ ಬೆಳವಣಿಗೆ ತಗ್ಗುತ್ತೆ, ನಿಜ. ಆದರೆ ಡಿಶ್‌ನಲ್ಲಿ ಹಾಕೋದು ಸಾಮಾನ್ಯವಾಗಿ 10ರಿಂದ 100 ನ್ಯಾನೋಮೋಲಾರ್, ರಕ್ತದಲ್ಲಿ ಆ ಹಾರ್ಮೋನ್ ಇರೋದು ಪಿಕೋಮೋಲ್ ಲೆಕ್ಕದಲ್ಲಿ. ನೂರು, ಸಾವಿರ ಪಟ್ಟಿನ ವ್ಯತ್ಯಾಸ. ಸ್ತನದ ಅಂಗಾಂಶ ತಾನೇ ಸ್ವಲ್ಪ ತಯಾರಿಸಿಕೊಳ್ಳುತ್ತೆ ಅನ್ನೋ ವಾದ ಇದೆ, ಅದನ್ನು ತಳ್ಳಿಹಾಕಲ್ಲ. ಅಷ್ಟರಿಂದಲೇ ಮಾತ್ರೆ ಮಾರೋಕೆ ಹೊರಟರೆ ಮಾತ್ರ ಒಪ್ಪೋಕಾಗಲ್ಲ.

ಬೆಳಗಿನ_ಬಿಸಿಲು

ಅಂಕಿಗಣಪ ಸರ್, ಆ 1.02 ಹೇಗೆ ಬರುತ್ತೆ? ಜೀನ್‌ನಿಂದ ಕ್ಯಾನ್ಸರ್‌ಗೆ ಹೋಗೋ ಲೆಕ್ಕ ಒಮ್ಮೆ ತೋರಿಸಿ.

ಅಂಕಿಗಣಪ

ತೋರಿಸ್ತೀನಿ. ಕೆಳಗಿನ ಅಂಕಿಗಳು ಲೆಕ್ಕ ತಿಳಿಸೋಕೆ ಇಟ್ಟವು, ಯಾವ ಅಧ್ಯಯನದವೂ ಅಲ್ಲ.

ಒಂದು ಸ್ನಿಪ್‌ನ ಒಂದು ಪ್ರತಿ ಡಿಯನ್ನು 4 ನ್ಯಾನೋಮೋಲ್ ಏರಿಸುತ್ತೆ ಅಂದುಕೊಳ್ಳಿ. ಅದೇ ಪ್ರತಿ ಸ್ತನ ಕ್ಯಾನ್ಸರ್‌ನ ಲಾಗ್ ಆಡ್ಸನ್ನು 0.004ರಷ್ಟು ಬದಲಿಸುತ್ತೆ, ಪ್ರಮಾಣ ದೋಷ (ಅಂದಾಜಿನ ಅನಿಶ್ಚಿತತೆ) 0.007. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ: 0.004 ÷ 4 = 0.001. ಇದು ಒಂದು ನ್ಯಾನೋಮೋಲ್‌ಗೆ, ಇದಕ್ಕೆ ವಾಲ್ಡ್ ಅನುಪಾತ ಅಂತಾರೆ. 25ರಿಂದ ಗುಣಿಸಿ: 0.025. ದೋಷವೂ ಹಾಗೇ: 0.007 ÷ 4 × 25 = 0.044. ಲಾಗ್ ಬಿಡಿಸೋಕೆ 0.025ರ ಘಾತ (e^0.025) ತೆಗೆದರೆ 1.025. ಎರಡೂ ಬದಿಗೆ ದೋಷದ 1.96 ಪಟ್ಟು ಹೋದರೆ 0.94ರಿಂದ 1.12. ಪ್ರತಿ ಸ್ನಿಪ್‌ಗೂ ಹೀಗೆ ಮಾಡಿ, ಯಾವುದರ ದೋಷ ಸಣ್ಣದೋ ಅದಕ್ಕೆ ಹೆಚ್ಚು ತೂಕ ಕೊಟ್ಟು ಸರಾಸರಿ ಮಾಡಿದರೆ ಐವಿಡಬ್ಲ್ಯು ಅಂದಾಜು.

ಕೆಡೋದು ಎಲ್ಲಿ ಅಂದರೆ ಭಾಜಕದಲ್ಲಿ. 4 ಅನ್ನೋದು ಸಣ್ಣ ಸಂಖ್ಯೆ. ಅದರಲ್ಲಿ ಒಂದಿಷ್ಟು ತಪ್ಪಾದರೂ ಕೊನೆಯ ಉತ್ತರ ದೊಡ್ಡದಾಗಿ ವಾಲುತ್ತೆ. ಅದಕ್ಕೇ ಎಫ್ ಅಂಕಿ (ಸ್ನಿಪ್‌ಗೂ ಡಿಗೂ ನಂಟು ಎಷ್ಟು ಗಟ್ಟಿ ಅನ್ನೋ ಅಳತೆ) 10ಕ್ಕಿಂತ ಮೇಲಿರೋ ಸ್ನಿಪ್‌ಗಳನ್ನೇ ಇಟ್ಟುಕೊಳ್ಳೋದು. ಡಿಯ ಅಳತೆಗೂ ಕ್ಯಾನ್ಸರ್ ಅಳತೆಗೂ ಅದೇ ಜನರನ್ನು ಬಳಸಿದರೆ (ಬ್ರಿಟನ್ನಿನ ದೊಡ್ಡ ಆರೋಗ್ಯ ದತ್ತಾಂಶ ಭಂಡಾರ ಯುಕೆ ಬಯೋಬ್ಯಾಂಕ್‌ನಿಂದಲೇ ಎರಡನ್ನೂ ತೆಗೆಯೋರು ಹೀಗೆ ಮಾಡ್ತಾರೆ), ದುರ್ಬಲ ಸ್ನಿಪ್‌ಗಳು ಉತ್ತರವನ್ನು ಹಳೆಯ ವೀಕ್ಷಣಾ ಅಧ್ಯಯನದ ಕಡೆಗೇ ಎಳೆಯುತ್ತವೆ.

ಇನ್ನೊಂದು ಅಡ್ಡದಾರಿ: ಜೀನ್ ಡಿಯನ್ನು ಬಿಟ್ಟು ಬೇರೆ ದಾರಿಯಿಂದ ಕ್ಯಾನ್ಸರ್ ಮುಟ್ಟೋದು. ಡಿಎಚ್‌ಸಿಆರ್7 ಕೊಲೆಸ್ಟ್ರಾಲ್ ದಾರಿಯಲ್ಲೂ ಇದೆ ಅಂತ ಮೇಲೆ ಹೇಳಿದ್ದಾರೆ. ಅದಕ್ಕೆ ತಯಾರಿಕೆಯ ಸ್ನಿಪ್‌ಗಳನ್ನೂ ಸಾಗಣೆ-ವಿಸರ್ಜನೆಯ ಸ್ನಿಪ್‌ಗಳನ್ನೂ ಬೇರೆ ಬೇರೆ ಲೆಕ್ಕ ಹಾಕಿ ನೋಡ್ತಾರೆ. 2020ರ ಯುಕೆ ಬಯೋಬ್ಯಾಂಕ್ ಅಧ್ಯಯನಗಳು ನೂರಕ್ಕೂ ಹೆಚ್ಚು ತಾಣಗಳನ್ನು ಕೊಟ್ಟಿವೆ. ಅವನ್ನೆಲ್ಲ ಒಟ್ಟಿಗೆ ಸುರಿದರೆ ಸಂಖ್ಯಾಬಲ ಬರುತ್ತೆ, ಜೊತೆಗೆ ಕೊಬ್ಬು, ಚರ್ಮದ ಬಣ್ಣ ಎಲ್ಲವೂ ನುಸುಳುತ್ತವೆ. ಕೆಲಸ ಗೊತ್ತಿರೋ ನಾಲ್ಕೈದು ಜೀನ್‌ಗಳ ಉತ್ತರವನ್ನೇ ನಾನು ಹೆಚ್ಚು ನಂಬೋದು.

ಎಳ್ಳು_ಜೀರಿಗೆ

ಲೆಕ್ಕ ಸರಿ. ಆಕ್ಷೇಪಣೆ ಬೇರೆ. ಜೀನ್ ಆಡಿಸೋದು ನಾಲ್ಕೈದು ನ್ಯಾನೋಮೋಲ್. ನಮ್ಮಲ್ಲಿ 8 ನ್ಯಾನೋಗ್ರಾಂ, 10 ನ್ಯಾನೋಗ್ರಾಂ ಇರೋ ಹೆಣ್ಣುಮಕ್ಕಳು ಎಷ್ಟು ಬೇಕು? ಯೂರೋಪಿನಲ್ಲಿ ಸಾಕಷ್ಟು ಡಿ ಇರೋರ ನಡುವಿನ ಸಣ್ಣ ಏರಿಳಿತದಿಂದ, ತೀವ್ರ ಕೊರತೆ ಇರೋರಿಗೆ ಏನೂ ಆಗಲ್ಲ ಅಂತ ಹೇಗೆ ಹೇಳ್ತೀರಿ?

ಅಂಕಿಗಣಪ

ಹೇಳೋಕಾಗಲ್ಲ. ಇದು ನ್ಯಾಯವಾದ ಆಕ್ಷೇಪಣೆ. ಮೇಲಿನ 1.02 ಸರಳರೇಖೆಯ ಉತ್ತರ, ಇಡೀ ಗುಂಪಿನ ಸರಾಸರಿ. ಕೆಳಗಿನ ತುದಿಯಲ್ಲಿ ಮಾತ್ರ ಒಂದು ಮೆಟ್ಟಿಲು ಇದ್ದರೆ ಸರಾಸರಿಯಲ್ಲಿ ಅದು ಅಳಿಸಿಹೋಗಬಹುದು.

ಆ ಮೆಟ್ಟಿಲನ್ನು ಹುಡುಕೋಕೆ ನಾನ್-ಲೀನಿಯರ್ ವಿಧಾನ ಬಂತು: ಜನರನ್ನು ಡಿಯ ಪ್ರಕಾರ ಪದರಗಳಾಗಿ ಮಾಡಿ ಪ್ರತಿ ಪದರದಲ್ಲೂ ಜೀನ್ ಲೆಕ್ಕ ಹಾಕೋದು. ಹೃದ್ರೋಗ ಮತ್ತು ಸಾವಿನ ಬಗ್ಗೆ 2021ರಲ್ಲಿ ಲ್ಯಾನ್ಸೆಟ್ ಡಯಾಬಿಟಿಸ್ ಪತ್ರಿಕೆಯಲ್ಲಿ ಬಂದ ಅಂಥ ಅಧ್ಯಯನ, ಕೊರತೆ ಇರೋರಲ್ಲಿ ದೊಡ್ಡ ಪರಿಣಾಮ ಇದೆ ಅಂತ ತೋರಿಸಿ ಭಾರಿ ಸುದ್ದಿ ಆಯ್ತು. ಆಮೇಲೆ ಪದರ ಮಾಡುವ ಕ್ರಮದಲ್ಲೇ ವಾಲಿಕೆ ಇದೆ ಅಂತ ಗೊತ್ತಾಗಿ, ಅದನ್ನು ಹಿಂತೆಗೆದು ಬೇರೆ ವಿಧಾನದಲ್ಲಿ ಮರುಪ್ರಕಟಣೆ ಮಾಡಿದರು. ಪರಿಣಾಮ ಮಾಯ. ಕಾರಣ: ಆ ಹಳೆಯ ವಿಧಾನ ಜೀನ್ ಎಲ್ಲರಲ್ಲೂ ಡಿಯನ್ನು ಒಂದೇ ಪ್ರಮಾಣದಲ್ಲಿ ಏರಿಸುತ್ತೆ ಅಂತ ಊಹಿಸುತ್ತೆ. ನಿಜದಲ್ಲಿ ಬಿಸಿಲು, ಆಹಾರ ಕಮ್ಮಿ ಇದ್ದಲ್ಲಿ ಜೀನಿನ ಪರಿಣಾಮವೂ ಕಮ್ಮಿ. ಆದ್ದರಿಂದ "ಕೊರತೆ ಇರೋರಲ್ಲಿ ಮಾತ್ರ ಪರಿಣಾಮ" ಅನ್ನೋ ಹಳೆಯ ಗ್ರಾಫ್ ವಾಟ್ಸಾಪ್‌ನಲ್ಲಿ ಬಂದರೆ ಯಾವ ಆವೃತ್ತಿ ಅಂತ ನೋಡಿ.

ವಿಧಾನವೇ ಕುರುಡು ಅನ್ನೋದಾದರೆ ಒಪ್ಪಲ್ಲ. ಇದೇ ನಾಲ್ಕು ಜೀನ್ ಹಿಡಿದು 2015ರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ (ನರಗಳ ಹೊದಿಕೆ ಕೆಡುವ ಕಾಯಿಲೆ) ನೋಡಿದಾಗ, ಡಿ ಕಡಿಮೆಯಾದರೆ ಅಪಾಯ ಸುಮಾರು ದುಪ್ಪಟ್ಟು ಅಂತ ಸ್ಪಷ್ಟವಾಗಿ ಬಂತು. ಸಂಬಂಧ ಇದ್ದ ಕಡೆ ಅದು ಕಾಣುತ್ತೆ.

ಆಂಕೊ_ಓದುಗ

ಜೀನ್ ಬಿಟ್ಟು ನೇರ ಪ್ರಯೋಗಕ್ಕೆ ಬರೋಣ, ಎರಡೂ ಒಂದೇ ಕಡೆ ಬೆರಳು ತೋರಿಸುತ್ತವೆ.

ಅಮೆರಿಕದ ವೈಟಲ್ ಪ್ರಯೋಗ: 25,871 ಜನ, ದಿನಕ್ಕೆ 2000 ಐಯು (ವಿಟಮಿನ್ ಪ್ರಮಾಣದ ಅಂತರರಾಷ್ಟ್ರೀಯ ಘಟಕ) ಡಿ3 ಅಥವಾ ಖಾಲಿ ಮಾತ್ರೆ, ಮಧ್ಯಮ ಅವಧಿ 5.3 ವರ್ಷ. ಖಾಲಿ ಮಾತ್ರೆಯವರಿಗೆ ಹೋಲಿಸಿದ ಅನುಪಾತ: ಒಟ್ಟು ಕ್ಯಾನ್ಸರ್ 0.96, ಸ್ತನ ಕ್ಯಾನ್ಸರ್ 1.02, ಅಂತರ 0.79ರಿಂದ 1.31. ಅದಕ್ಕೂ ಮುಂಚೆ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್: ಮುಟ್ಟು ನಿಂತ 36,282 ಮಹಿಳೆಯರು, 400 ಐಯು ಜೊತೆಗೆ 1000 ಮಿಗ್ರಾಂ ಕ್ಯಾಲ್ಸಿಯಂ, ಸುಮಾರು ಏಳು ವರ್ಷ. ಸ್ತನ ಕ್ಯಾನ್ಸರ್ 0.96, ಅಂತರ 0.85ರಿಂದ 1.09. ಇದರಲ್ಲಿ ಡಿ ಪ್ರಮಾಣ ಬಹಳ ಕಡಿಮೆ ಅನ್ನೋ ಟೀಕೆ ಸರಿಯೇ.

ವೈಟಲ್‌ನಲ್ಲಿ ಬಿಎಂಐ 25ಕ್ಕಿಂತ ಕಡಿಮೆ ಇದ್ದವರಲ್ಲಿ ಒಟ್ಟು ಕ್ಯಾನ್ಸರ್ 0.76ಕ್ಕೆ ಇಳಿದದ್ದನ್ನು ಮುಂದೆ ಮಾಡೋರು ಇದ್ದಾರೆ. ಹತ್ತಾರು ಉಪಗುಂಪು ಕತ್ತರಿಸಿದಾಗ ಒಂದೆರಡು ಹೀಗೆ ಬರೋದು ಸಹಜ, ಮೇಲಾಗಿ ಅದು ಎಲ್ಲ ಕ್ಯಾನ್ಸರ್ ಸೇರಿದ ಅಂಕಿ. ಅದು ಇನ್ನೊಂದು ಪ್ರಯೋಗದ ಸಲಹೆ ಅಂತ ಇಟ್ಟುಕೊಳ್ಳಿ. ಅಲ್ಲಿನವರ ಸರಾಸರಿ ಡಿ ಶುರುವಿನಲ್ಲೇ 30.8 ನ್ಯಾನೋಗ್ರಾಂ ಇತ್ತು, ಆದ್ದರಿಂದ ಎಳ್ಳು_ಜೀರಿಗೆಯವರ ತೀವ್ರ ಕೊರತೆಯ ಪ್ರಶ್ನೆಗೆ ಇದೂ ಉತ್ತರ ಕೊಡಲ್ಲ. ಆ ಕೊರತೆಗೆ ಚಿಕಿತ್ಸೆ ಬೇಕು, ಕಾರಣ ಮೂಳೆ. ಅದಕ್ಕೆ ಕ್ಯಾನ್ಸರ್ ಹೆಸರಿನ ಹೆದರಿಕೆ ಬೇಕಿಲ್ಲ.

ಕಾವೇರಿ_ಸೀಮೆ

ವಿಡಿಆರ್ ಬಗ್ಗೆ ಯಾರೂ ಹೇಳಲಿಲ್ಲ. ಫೋಕ್1, ಬಿಎಸ್ಎಂ1, ಟ್ಯಾಕ್1 ಅಂತ ರಿಪೋರ್ಟ್‌ನಲ್ಲಿ ಅದೇ ದೊಡ್ಡದಾಗಿ ಇರುತ್ತೆ.

ಲ್ಯಾಬ್_ಬೆಂಚು

ವಿಡಿಆರ್ ಅಂದರೆ ಕೋಶದಲ್ಲಿ ಡಿ ಹಾರ್ಮೋನನ್ನು ಹಿಡಿದುಕೊಳ್ಳೋ ಗ್ರಾಹಕ. ರಕ್ತದಲ್ಲಿ ಡಿ ಎಷ್ಟಿರಬೇಕು ಅನ್ನೋದನ್ನು ತೀರ್ಮಾನಿಸೋ ಮುಖ್ಯ ಜೀನ್ ಅದಲ್ಲ. ದೊಡ್ಡ ಜೀನೋಮ್ ಅಧ್ಯಯನಗಳಲ್ಲಿ ಜಿಸಿ ತರಹ ಎದ್ದು ಕಂಡದ್ದೂ ಇಲ್ಲ. ಫೋಕ್1ರಲ್ಲಿ ಪ್ರೋಟೀನ್ ಶುರುವಾಗೋ ಜಾಗ ಬದಲಾಗುತ್ತೆ: ಒಂದು ರೂಪ 427 ಅಮೈನೋ ಆಮ್ಲ, ಇನ್ನೊಂದು 424. ಗಿಡ್ಡದ್ದು ಸ್ವಲ್ಪ ಚುರುಕು. ಬಿಎಸ್ಎಂ1, ಟ್ಯಾಕ್1 ಪ್ರೋಟೀನ್ ಬದಲಿಸೋದೇ ಇಲ್ಲ. ಇವು ಹಳೆಯ ಕಾಲದ ಕತ್ತರಿ ಕಿಣ್ವಗಳ ಹೆಸರು. ಆಗ ಪರೀಕ್ಷಿಸೋಕೆ ಸುಲಭ ಇದ್ದವು, ಅದಕ್ಕೆ ನೂರಾರು ಸಣ್ಣ ಅಧ್ಯಯನಗಳು ಬಂದವು, ಫಲಿತಾಂಶ ಒಂದು ಹೌದು ಒಂದು ಇಲ್ಲ. ಹೆಸರು ಹಳೆಯದಾದಷ್ಟೂ ರಿಪೋರ್ಟ್‌ನಲ್ಲಿ ಅಕ್ಷರ ದಪ್ಪ.

ನಿಜವಾಗಿ ಗಂಭೀರವಾದವು ಬೇರೆ ಇವೆ, ಅಪರೂಪದವು. ಸಿವೈಪಿ27ಬಿ1 ಅಥವಾ ಸಿವೈಪಿ2ಆರ್1ನ ಎರಡೂ ಪ್ರತಿ ಕೆಟ್ಟರೆ ಮಕ್ಕಳಲ್ಲಿ ರಿಕೆಟ್ಸ್ (ಮೂಳೆ ಮೆದುವಾಗಿ ಬಾಗೋ ಕಾಯಿಲೆ). ವಿಡಿಆರ್ ಪೂರ್ತಿ ಕೆಟ್ಟರೆ ರಿಕೆಟ್ಸ್ ಜೊತೆ ಕೂದಲೂ ಉದುರುತ್ತೆ. ಸಿವೈಪಿ24ಎ1ನ ಎರಡೂ ಪ್ರತಿ ಕೆಟ್ಟರೆ ತದ್ವಿರುದ್ಧ: ಡಿ ಒಡೆಯೋದೇ ಇಲ್ಲ, ಕ್ಯಾಲ್ಸಿಯಂ ಏರುತ್ತೆ, ಕಿಡ್ನಿ ಕಲ್ಲು. ಅಂಥವರಿಗೆ ಪ್ರಬಲ ಡಿ ಕೊಡೋದೇ ಅಪಾಯ. ಪದೇ ಪದೇ ಕಲ್ಲು, ಕ್ಯಾಲ್ಸಿಯಂ ಮೇಲಿನ ಗಡಿಯಲ್ಲಿ, ಪಿಟಿಎಚ್ (ಕ್ಯಾಲ್ಸಿಯಂ ಏರಿಸೋ ಹಾರ್ಮೋನ್) ತೀರಾ ಕೆಳಗೆ, ಮೂರೂ ಒಟ್ಟಿಗೆ ಕಂಡರೆ ಡಿ ಸ್ಯಾಷೆ ಶುರು ಮಾಡೋ ಮುಂಚೆ ವೈದ್ಯರ ಹತ್ತಿರ ಈ ಮಾತು ಎತ್ತಿ.

ಮಾತ್ರೆ_ಡಬ್ಬಿ

ಸ್ಯಾಷೆ ಅಂದಿರಲ್ಲ, ಔಷಧಿ ಅಂಗಡಿ ಕಡೆಯ ಮಾತು ಹೇಳಿಬಿಡ್ತೀನಿ.

60,000 ಐಯು ಸ್ಯಾಷೆ ವಾರಕ್ಕೊಂದು, ಎಂಟು ವಾರ. ಮಾಮೂಲಿ ಚೀಟಿ ಇದು. ದಿನದ ಲೆಕ್ಕಕ್ಕೆ ಸುಮಾರು 8,570 ಐಯು. ಆಮೇಲೆ ತಿಂಗಳಿಗೊಂದು ಅಂದರೆ ದಿನಕ್ಕೆ 2000. ಯಡವಟ್ಟಾಗೋದು "ವಾರಕ್ಕೊಂದು" ಅನ್ನೋದನ್ನು ದಿನಕ್ಕೊಂದು ಅಂತ ತಿಳಿದಾಗ. ಎಂಟು ವಾರದಲ್ಲಿ 56 ಸ್ಯಾಷೆ, 33.6 ಲಕ್ಷ ಐಯು! ಇನ್ನೊಂದು, 6 ಲಕ್ಷದ ಇಂಜೆಕ್ಷನ್ ಒಬ್ಬರ ಹತ್ತಿರ, ಸ್ಯಾಷೆ ಇನ್ನೊಬ್ಬರ ಹತ್ತಿರ ಬರೆಸಿಕೊಂಡು ಎರಡೂ ಸೇರೋದು. ವಾಂತಿ, ಮಲಬದ್ಧತೆ, ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಮಂಕು ಕಂಡರೆ ಅವತ್ತೇ ಕ್ಯಾಲ್ಸಿಯಂ ಮತ್ತು ಕ್ರಿಯಾಟಿನಿನ್ ಮಾಡಿಸಬೇಕು. ನಿಲ್ಲಿಸಿದ ತಕ್ಷಣ ಇಳಿಯಲ್ಲ, ಕೊಬ್ಬಿನಲ್ಲಿ ಕೂತಿರೋದು ತಿಂಗಳುಗಟ್ಟಲೆ ಬರ್ತಾನೇ ಇರುತ್ತೆ.

ಸ್ಯಾಷೆಯನ್ನು ಹಾಲಲ್ಲಿ ಕದಡಿ, ಜಿಡ್ಡು ಇರೋ ಊಟದ ಜೊತೆ ತಗೊಳ್ಳಿ. ಖಾಲಿ ಹೊಟ್ಟೆಗೆ ಹೀರಿಕೆ ಕಡಿಮೆ. ಕೆಂಪು ಚುಕ್ಕೆ ಇದೆ ಅಂತ ಡೋಸ್ ದುಪ್ಪಟ್ಟು ಕೇಳೋರಿದ್ದಾರೆ. ಬೇಡ ರೀ. ಜಿಸಿ, ಸಿವೈಪಿ2ಆರ್1 ಸ್ನಿಪ್ ಇದ್ದರೆ ಏರಿಕೆ ಸ್ವಲ್ಪ ನಿಧಾನ ಇರಬಹುದು, ಅದಕ್ಕೆ ಕೋರ್ಸ್ ಮುಗಿದು ಮೂರು ತಿಂಗಳಿಗೆ ರಕ್ತ ನೋಡಿ ಮುಂದುವರಿಸಿದರಾಯ್ತು. ಆರೋಗ್ಯವಂತ ವಯಸ್ಕರಿಗೆ ಐಸಿಎಂಆರ್ 2020ರಲ್ಲಿ ಹೇಳಿದ್ದು ದಿನಕ್ಕೆ 600 ಐಯು.

ಬೆಳಗಿನ_ಬಿಸಿಲು

ಮಾಸಿಕ 60,000ದ ಮೇಲೆ ಪ್ರಯೋಗ ಏನಾದರೂ ಆಗಿದೆಯಾ?

ಆಂಕೊ_ಓದುಗ

ಆಗಿದೆ. ಆಸ್ಟ್ರೇಲಿಯಾದ ಡಿ-ಹೆಲ್ತ್, 60 ದಾಟಿದ 21,315 ಜನ, ತಿಂಗಳಿಗೆ 60,000 ಐಯು, ಐದು ವರ್ಷ. ಒಟ್ಟು ಸಾವು ಇಳಿಯಲಿಲ್ಲ: 1.04, ಅಂತರ 0.93ರಿಂದ 1.18.

ಸ್ತನ ಕ್ಯಾನ್ಸರ್ ಈಗಾಗಲೇ ಇರುವವರಿಗೆ ಮಾತ್ರ ಲೆಕ್ಕ ಬೇರೆ. ಈಸ್ಟ್ರೋಜೆನ್ ತಗ್ಗಿಸುವ ಲೆಟ್ರೊಝೋಲ್, ಅನಾಸ್ಟ್ರೊಝೋಲ್ ತೆಗೆದುಕೊಳ್ಳುವವರ ಮೂಳೆ ಬೇಗ ಸವೆಯುತ್ತೆ, ಅವರಿಗೆ ಡಿ ಮತ್ತು ಕ್ಯಾಲ್ಸಿಯಂ ಚಿಕಿತ್ಸೆಯ ಭಾಗ. ಮೂಳೆ ಸವೆತ ತಡೆಯುವ ಝೋಲೆಡ್ರೊನಿಕ್ ಆಸಿಡ್ ಅಥವಾ ಡೆನೊಸುಮಾಬ್ ಕೊಡುವ ಮುಂಚೆ ಡಿ ಕೊರತೆ ಸರಿಮಾಡದಿದ್ದರೆ ಕ್ಯಾಲ್ಸಿಯಂ ಕುಸಿದು ಬೆರಳು ಜುಮ್ಮೆನ್ನೋದು, ಸ್ನಾಯು ಸೆಟೆಯೋದು ಆಗುತ್ತೆ. ಇಲ್ಲಿನ ಚರ್ಚೆ ಓದಿ ಅವರು ಮಾತ್ರೆ ನಿಲ್ಲಿಸಬಾರದು.

ಲ್ಯಾಬ್_ಬೆಂಚು

ಪರೀಕ್ಷೆಗೆ ಹೋಗುವವರಿಗೆ: ಕೂದಲಿಗೆ ಅಂತ ಬಯೋಟಿನ್ ತೆಗೆದುಕೊಳ್ಳುತ್ತಿದ್ದರೆ ಎರಡು ದಿನ ಮುಂಚೆ ನಿಲ್ಲಿಸಿ, ಕೆಲವು ಯಂತ್ರಗಳಲ್ಲಿ ಡಿ ಸುಳ್ಳಾಗಿ ಹೆಚ್ಚು ತೋರಿಸುತ್ತೆ. ಸಿಎಲ್ಐಎ ವಿಧಾನದ ರೀಡಿಂಗನ್ನು ಎಲ್‌ಸಿ-ಎಂಎಸ್ ರೀಡಿಂಗ್ ಜೊತೆ ಹೋಲಿಸಬೇಡಿ, ಮುಂದಿನ ಸಲವೂ ಅದೇ ಲ್ಯಾಬ್, ಅದೇ ವಿಧಾನ.

ಕಾವೇರಿ_ಸೀಮೆ

ಎಲ್ಲ ಯೂರೋಪಿನ ದತ್ತಾಂಶ. ನಮಗೆ ಹೊಂದುತ್ತಾ?

ಅಂಕಿಗಣಪ

ಜೀನ್‌ಗಳ ಕೆಲಸ ಎಲ್ಲರಲ್ಲೂ ಒಂದೇ. ಸ್ನಿಪ್ ಅನ್ನೋದು ಹೆಚ್ಚಿನ ಸಲ ಗುರುತುಕಲ್ಲು ಮಾತ್ರ, ಅದರ ಪಕ್ಕದಲ್ಲಿರೋ ನಿಜವಾದ ಬದಲಾವಣೆ ಜೊತೆಗಿನ ನಂಟು ಜನಸಮೂಹದಿಂದ ಸಮೂಹಕ್ಕೆ ಬದಲಾಗುತ್ತೆ. ಪಂಜಾಬಿ ಸಿಖ್ಖರ ಮೇಲೆ 2016ರಲ್ಲಿ ಒಂದು ಜೀನೋಮ್ ಅಧ್ಯಯನ ಬಂದಿದೆ, ಸನ್‌ಲೈಟ್‌ಗೆ ಹೋಲಿಸಿದರೆ ಬಹಳ ಚಿಕ್ಕದು. ಜೊತೆಗೆ ನಮ್ಮಲ್ಲಿ ಚರ್ಮದ ಬಣ್ಣದ ವೈವಿಧ್ಯ ಜಾಸ್ತಿ. ಎಸ್ಎಲ್‌ಸಿ24ಎ5 ಜೀನ್‌ನ ಒಂದೇ ಅಕ್ಷರದ ಬದಲಾವಣೆಗೆ ದಕ್ಷಿಣ ಏಷ್ಯಾದ ಮೈಬಣ್ಣದಲ್ಲಿ ದೊಡ್ಡ ಪಾಲಿದೆ ಅಂತ ಹೈದರಾಬಾದಿನ ಜೀವವಿಜ್ಞಾನ ಸಂಸ್ಥೆ ಸಿಸಿಎಂಬಿಯವರು ಇದ್ದ ತಂಡ 2013ರಲ್ಲಿ ತೋರಿಸಿತು. ಯೂರೋಪಿನಲ್ಲಿ ಅದು ಬಹುತೇಕ ಎಲ್ಲರಲ್ಲೂ ಒಂದೇ ರೂಪ, ಆದ್ದರಿಂದ ಅಲ್ಲಿನ ಸ್ಕೋರ್‌ನಲ್ಲಿ ಅದು ಕಾಣಿಸೋದೇ ಇಲ್ಲ. ಹಾಗಾಗಿ ಯೂರೋಪಿನ ಸ್ಕೋರ್ ಇಟ್ಟು ಬೆಂಗಳೂರಿನ ಒಬ್ಬರಿಗೆ "ನಿಮ್ಮ ಡಿ ಇಷ್ಟಿರುತ್ತೆ" ಅನ್ನೋದು ಕಚ್ಚಾ ಊಹೆ. ಕೆಲವು ನೂರು ರೂಪಾಯಿಯಿಂದ ಸಾವಿರ ಚಿಲ್ಲರೆಗೆ ರಕ್ತ ಪರೀಕ್ಷೆಯೇ ಸಿಗುವಾಗ ಆ ಊಹೆ ಯಾಕೆ ಬೇಕು?

ಆಂಕೊ_ಓದುಗ

ಸ್ತನ ಕ್ಯಾನ್ಸರ್‌ಗೆ ಜೀನ್ ನೋಡಲೇಬೇಕು ಅಂದರೆ ನೋಡಬೇಕಾದ್ದು ಬಿಆರ್‌ಸಿಎ1, ಬಿಆರ್‌ಸಿಎ2, ಪಾಲ್ಬ್2. ಅದೂ ತಾಯಿ ಅಥವಾ ಅಕ್ಕತಂಗಿಗೆ ಚಿಕ್ಕ ವಯಸ್ಸಲ್ಲಿ ಬಂದಿದ್ದರೆ, ಅಂಡಾಶಯದ ಕ್ಯಾನ್ಸರ್ ಇದ್ದರೆ, ಗಂಡಸರಿಗೆ ಸ್ತನ ಕ್ಯಾನ್ಸರ್ ಬಂದಿದ್ದರೆ, ಇಲ್ಲವೇ ಟ್ರಿಪಲ್ ನೆಗೆಟಿವ್ (ಎರಡು ಹಾರ್ಮೋನ್ ಗ್ರಾಹಕಗಳೂ ಎಚ್‌ಇಆರ್2 ಕೂಡ ಇಲ್ಲದ ಬಗೆ) ಆಗಿದ್ದರೆ. ಅಪ್ಪನ ಕಡೆಯ ಚರಿತ್ರೆಯನ್ನೂ ಹೇಳಿ, ಅದನ್ನು ಬಹಳ ಜನ ಬಿಟ್ಟುಬಿಡ್ತಾರೆ. ಮನೆಗೆ ಬರೋ ಜೊಲ್ಲಿನ ಕಿಟ್‌ಗಳಲ್ಲಿ ಹಲವು ಈ ಜೀನ್‌ಗಳನ್ನು ಪೂರ್ತಿ ಓದೋದೇ ಇಲ್ಲ, ಕೆಲವೇ ಜಾಗ ನೋಡಿ "ಇಲ್ಲ" ಅಂತ ಬರೆಯುತ್ತವೆ.

ಕಾವೇರಿ_ಸೀಮೆ

ಕೊನೇ ತಾಂತ್ರಿಕ ಪ್ರಶ್ನೆ. ಜೀನ್ ಟೆಸ್ಟ್‌ನ ಕಚ್ಚಾ ಫೈಲ್‌ನಲ್ಲಿ ಜಿಸಿಯ ಆರ್‌ಎಸ್2282679 ಅನ್ನೋ ಸ್ನಿಪ್‌ಗೆ ಟಿ/ಜಿ ಅಂತ ಬರುತ್ತೆ, ಲೇಖನದಲ್ಲಿ ಎ/ಸಿ. ಫೈಲ್ ತಪ್ಪಾ?

ಅಂಕಿಗಣಪ

ತಪ್ಪಲ್ಲ. ಡಿಎನ್‌ಎಗೆ ಎರಡು ಎಳೆ, ಜಿಸಿ ಜೀನ್ ಹಿಮ್ಮುಖ ಎಳೆಯ ಮೇಲಿದೆ. ಲೇಖನ ಒಂದು ಎಳೆಯಿಂದ ಓದಿದೆ, ಫೈಲ್ ಇನ್ನೊಂದರಿಂದ. ಎ ಇದ್ದಲ್ಲಿ ಟಿ, ಸಿ ಇದ್ದಲ್ಲಿ ಜಿ. ಡಿ ಇಳಿಸೋದು ಲೇಖನದ ಸಿ, ನಿಮ್ಮ ಫೈಲ್‌ನ ಜಿ.

ಕೈಕೊಡೋದು ಸಿವೈಪಿ24ಎ1 ಹತ್ತಿರದ ಆರ್‌ಎಸ್6013897. ಅಲ್ಲಿ ಅಕ್ಷರಗಳು ಎ ಮತ್ತು ಟಿ, ಎಳೆ ತಿರುಗಿಸಿದರೂ ಅವೇ ಎರಡು. ಅಕ್ಷರ ನೋಡಿ ಎಳೆ ಗೊತ್ತಾಗಲ್ಲ. ಪ್ರಮಾಣ ನೋಡಬೇಕು: ಯೂರೋಪ್ ಮೂಲದವರಲ್ಲಿ ಡಿ ಇಳಿಸುವ ಎ ಸುಮಾರು ಶೇ. 20. ಮೆಂಡೇಲಿಯನ್ ಲೆಕ್ಕ ಮಾಡೋ ಟೂಸ್ಯಾಂಪಲ್‌ಎಂಆರ್ ತಂತ್ರಾಂಶದಲ್ಲಿ ಅಕ್ಷರಗಳನ್ನು ಹೊಂದಿಸೋ ಹಾರ್ಮನೈಸ್ ಹಂತದಲ್ಲಿ ಆ್ಯಕ್ಷನ್ 2 ಇದ್ದರೆ ಅದು ಪ್ರಮಾಣ ನೋಡಿ ಊಹಿಸುತ್ತೆ, 3 ಇಟ್ಟರೆ ಇಂಥ ಸ್ನಿಪ್‌ಗಳನ್ನೆಲ್ಲ ಎಸೆಯುತ್ತೆ. ಎರಡೂ ರೀತಿ ಓಡಿಸಿ ಉತ್ತರ ಹೋಲಿಸಿ. ಒಂದೇ ಸ್ನಿಪ್‌ನಿಂದ ಚಿಹ್ನೆ ಬದಲಾದರೆ, ಮಿಕ್ಕ ಸ್ನಿಪ್‌ಗಳ ಮೇಲೆ ಕೈ ಇಡೋ ಮುಂಚೆ ಅಲ್ಲೇ ಹುಡುಕಿ.